ಗಾಜಿನ ಪೆಟ್ಟಿಗೆಯಲ್ಲಿ ಕಮಲಾಪುರದ ಹಳ್ಳ

ಆಗುವುದೇ ಇಲ್ಲ ಎಂದು ಮೊದಲು ಹೇಳಿದವನು ನಮ್ಮ ಕಾಕಾ. ಕಮಲಾಪುರದ ಹಳ್ಳದ ದಂಡೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ. ನನ್ನ ಯೋಜನೆಯನ್ನೆಲ್ಲ ಕೇಳಿದ ಮೇಲೂ ತಲೆ ಎತ್ತಲಿಲ್ಲ.

“ಶಿಂಗಟಿ ಗಾಜಿನ ಪೆಟ್ಟಿಗ್ಯಾಗ ಬದುಕೂದಿಲ್ಲ, ತಮ್ಮಾ. ನಮ್ಮ ಮನಿತನದಾಗ ಮೀನಾ ಹಿಡಿಯೂದು ಗೊತ್ತದ, ಮಾರೂದು ಗೊತ್ತದ, ತಿನ್ನೂದಂತೂ ಕೇಳಲೇಬ್ಯಾಡ. ಸಾಕೂದು ಯಾರಿಗಿ ಗೊತ್ತದ? ನೀ ಬಿ.ಎಸ್ಸಿ. ಆಗೀದಿ ಖರೇ. ಶಿಂಗಟಿ ಇನ್ನೂ ಆಗಿಲ್ಲ.”

ಎರಡನೆಯವರು ನಮ್ಮ ಹೆಡ್ ಮಾಸ್ತರರು. ಹೈದರಾಬಾದಿನಿಂದ ಬಂದವರು, ಮನೆಮಾತು ಉರ್ದು. ಕನ್ನಡವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಂತೆ ಆಡುತ್ತಿದ್ದರು. “ಮಾಸ್ಟರ್, ಕಲಬುರ್ಗಿ ಬಿಸಿಲ್ದಾಗ ಮನುಷ್ಯಾನೇ ಬದುಕೂದು ಮುಶ್ಕಿಲ್. ಮಛಲೀ ಹ್ಯಾಂಗ ಬದುಕ್ತದ?” ಎಂದರು.

ಇಬ್ಬರೂ ತಿಳಿದವರೇ. ಆದರೆ ನನಗೆ ಬೇರೆ ದಾರಿ ಇರಲಿಲ್ಲ. ಏಕೆಂದು ಹೇಳುತ್ತೇನೆ.

ನಾನು ಆಗ ಕಲಬುರಗಿಯ ಒಂದು ಸರಕಾರಿ ಶಾಲೆಯಲ್ಲಿ ವಿಜ್ಞಾನದ ಹಂಗಾಮಿ ಮಾಸ್ತರ. ನಿಜಾಮರ ಸರಕಾರದಲ್ಲಿ ಹಂಗಾಮಿ ಎಂದರೆ ಬಾಗಿಲ ಹೊಸ್ತಿಲ ಮೇಲೆ ನಿಂತಂತೆ. ಒಳಗೆ ಬಾ ಎನ್ನಬಹುದು, ಹೋಗು ಎನ್ನಲೂಬಹುದು. ಆ ಹೊಸ್ತಿಲವರೆಗೆ ಬರಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಪ್ಪ ನಾನು ಮಿಡ್ಲ್ ಓದುವಾಗಲೇ ತೀರಿಕೊಂಡ. ಅವ್ವ ಮತ್ತು ಕಾಕಾ ಮೀನು ಮಾರಿ ಜೋಳದ ಹಿಟ್ಟು ಕಳಿಸಿದರು. ವಿಜ್ಞಾನ ಕಲಿಯುವ ಮುಂಚೆ ಆ ವಿಜ್ಞಾನವನ್ನು ಕಲಿಸುವ ಉರ್ದುವನ್ನು ಕಲಿಯಬೇಕಾಯಿತು. ನಮ್ಮ ಬಲೆ ಬೀಸುವ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನು ನಾನೇ ಮೊದಲಿಗ. ಪದವಿ ಪಡೆದವನೂ ನಾನೇ ಮೊದಲಿಗ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ಶಾಲೆಗಳನ್ನು ತಪಾಸಣೆ ಮಾಡುವ ಸಾಹೇಬರು ಬಂದರು. ನನ್ನ ವಿಜ್ಞಾನದ ಕೋಣೆಯನ್ನು ನೋಡಿದರು. ಸೀಸೆಯಲ್ಲಿ ಮುಳುಗಿಸಿಟ್ಟ ಕಪ್ಪೆ, ಸೀಸೆಯಲ್ಲಿ ಮುಳುಗಿಸಿಟ್ಟ ಹಾವು, ಗೋಡೆಗೆ ತೂಗಿದ ಎಲುಬುಗೂಡು. “ಇಲ್ಲಿ ಬದುಕಿರುವುದು ನೀವೊಬ್ಬರೇ ಏನು?” ಎಂದು ಉರ್ದುವಿನಲ್ಲಿ ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಗಾಜಿನ ತೊಟ್ಟಿ ಕಟ್ಟಿಸಿ, ಈ ಜಿಲ್ಲೆಯ ಹಳ್ಳದ ಮೀನುಗಳನ್ನೇ ಒಟ್ಟಿಗೆ ಸಾಕಿ, ಹುಡುಗರಿಗೆ ತೋರಿಸಬೇಕು ಎಂದರು. ಅದರಲ್ಲೂ ಮೀಸೆಯ ಮೀನು ಇರಲೇಬೇಕು. ಮೀಸೆಯಿಂದ ಮೂಸಿ, ರುಚಿ ನೋಡಿ ಅದು ಅನ್ನ ಹುಡುಕುವುದನ್ನು ಹುಡುಗರು ಕಣ್ಣಾರೆ ಕಾಣಬೇಕು. “ಹೋಳಿ ಮುಗಿದ ಮೇಲೆ ಮತ್ತೆ ಬರುತ್ತೇನೆ. ಅವು ಬದುಕಿದ್ದರೆ ನಿಮ್ಮ ಹೆಸರನ್ನು ಕಾಯಂ ಮಾಡಲು ಬರೆಯುತ್ತೇನೆ. ಇಲ್ಲದಿದ್ದರೆ ಬೇರೆ ಉಮೇದವಾರರಿದ್ದಾರೆ” ಎಂದು ಹೇಳಿ ಹೋದರು.

ಮೀಸೆಯ ಮೀನು ಎಂದರೆ ನನಗೆ ಬೇರೆ ಯಾವುದು ಹೊಳೆಯಬೇಕು? ಶಿಂಗಟಿ. ಬೆರಳುದ್ದದ ಮೀನು, ಮೈಮೇಲೆ ಹುರುಪೆ ಇಲ್ಲ, ಪಕ್ಕೆಗೆ ಉದ್ದುದ್ದ ಪಟ್ಟೆ, ಬಾಯಿಯ ಸುತ್ತ ಕೊತವಾಲನಿಗಿಂತ ದೊಡ್ಡ ಮೀಸೆ. ಬೆನ್ನಿನ ಮೇಲೊಂದು, ಎರಡು ಪಕ್ಕಕ್ಕೆ ಒಂದೊಂದು ಮುಳ್ಳು; ಚುಚ್ಚಿದರೆ ಕೈ ಸಂಜೆಯವರೆಗೆ ಚುರುಗುಟ್ಟುತ್ತದೆ. ನೀರಿನಿಂದ ಎತ್ತಿದರೆ ಮುಳ್ಳು ಕೆದರಿ ಗುರ್ರ್ ಎಂದು ಬೈಯುತ್ತದೆ. ಚಿಕ್ಕಂದಿನಿಂದ ಆ ಬೈಗುಳ ಕೇಳಿಯೇ ಬೆಳೆದವನು ನಾನು.

ಮೊದಲು ತೊಟ್ಟಿಯ ಕೆಲಸ. ಕಲಬುರಗಿಯ ಮೋಮಿನಪುರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಒಬ್ಬ ಉಸ್ತಾದರಿದ್ದರು. ಕಬ್ಬಿಣದ ಚೌಕಟ್ಟು ಬೆಸೆದು, ಗಾಜು ಕೂರಿಸಿ, ಸಂದಿಗೆ ಅಗಸೆ ಎಣ್ಣೆ, ಸೀಮೆಸುಣ್ಣ, ಕೆಂಪು ಸಿಂಧೂರ ಕಲಸಿದ ಲಪ್ಪ ತುಂಬಿದರು. ತಳಕ್ಕೆ ಒಂದೇ ಶಹಾಬಾದಿ ಕಲ್ಲಿನ ಹಾಸು. ನೀರು ತುಂಬಿದ ಕೂಡಲೇ ಮೂಲೆಯಿಂದ ಜಿನುಗಿತು.

“ಉಸ್ತಾದ್, ಸೋರ್ತದ.”

“ನಕ್ಕೊ ಘಬರಾವ್, ಮಾಸ್ಟರ್ ಸಾಬ್. ಹೊಸಾ ಸೊಸಿ ಬಂದ ಕೂಡ್ಲೇ ಅಳ್ತಾಳ, ಆಮ್ಯಾಕ ತಾನೇ ಸುಮ್ಮನಾಗ್ತಾಳ.”

ಅವರ ಮಾತು ನಿಜವಾಯಿತು. ಲಪ್ಪ ನೀರು ಕುಡಿದು ಉಬ್ಬಿ ಸಂದಿ ಮುಚ್ಚಿಕೊಂಡಿತು. ಆದರೆ ಸಿಂಧೂರದಲ್ಲಿರುವ ಸೀಸ ಮೀನಿಗೆ ವಿಷ. ಅದಕ್ಕಾಗಿ ನೀರು ತುಂಬುವುದು, ಚೆಲ್ಲುವುದು, ಮತ್ತೆ ತುಂಬುವುದು, ಇದನ್ನೇ ಬಹಳ ದಿನ ಮಾಡಿದೆ. ಶಾಲೆಯ ಜವಾನ ಕೊಡ ಹೊತ್ತು ಹೊತ್ತು ಬೇಸತ್ತ. “ಮಾಸ್ತರ್ರೀ, ಖಾಲಿ ಪೆಟ್ಟಿಗಿಗಿ ಇಷ್ಟು ಜಳಕಾ ಮಾಡ್ಸಿದ್ರ, ಮೀನಾ ಬಂದ ಮ್ಯಾಲ ಏನೇನ ಮಾಡ್ಸಬೇಕ್ರಿ?” ಎಂದು ಕೇಳಿದ.

ನೀರು ಹದಕ್ಕೆ ಬಂದ ಮೇಲೆ ಕಮಲಾಪುರಕ್ಕೆ ಹೋದೆ. ಕಾಕಾ ಗೊಣಗುತ್ತಲೇ ಹಳ್ಳಕ್ಕಿಳಿದ. ಕೆಮ್ಮಣ್ಣಿನ ಊರು ನಮ್ಮದು; ಹಳ್ಳದ ನೀರು ವರ್ಷವಿಡೀ ಹಾಲು ಹಾಕಿದ ಚಹಾದ ಬಣ್ಣ. ಬಲೆ ಬೀಸಿ ಎಳೆದರೆ ಶಿಂಗಟಿಗಳ ಗೊಂಚಲೇ ಬಂತು. ಅವ್ವ ದಂಡೆಯ ಮೇಲೆ ಕಾಯುತ್ತಿದ್ದಳು. ಮನೆಯಲ್ಲಿದ್ದ ಒಂದೇ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸೂರ್ಯನಂತೆ ಹೊಳೆಯಿಸಿ ತಂದಿದ್ದಳು.

“ಸರಕಾರಿ ಸಾಲಿಗಿ ಹೊಂಟ ಮೀನಾ. ಒಡಕ ಗಡಿಗ್ಯಾಗ ಒಯ್ದ್ರ ಮಂದಿ ಏನಂದಾರು? ಬಿ.ಎಸ್ಸಿ. ಮಾಸ್ತರನ ಅವ್ವಗ ಒಂದ ತಾಮ್ರದ ಕೊಡಾನೂ ಇಲ್ಲೇನು ಅಂದಾರು.”

ಮೀನುಗಳನ್ನು ತಾಮ್ರದ ಕೊಡಕ್ಕೆ ಬಿಟ್ಟೆವು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಬಂಡಿಯಲ್ಲಿ ಹುಲ್ಲಿನ ಮೆತ್ತೆಯ ಮೇಲೆ ಇಟ್ಟು, ಕಾಕಾನೂ ನಾನೂ ಕಲಬುರಗಿಯ ದಾರಿ ಹಿಡಿದೆವು. ದಾರಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ಬಟ್ಟೆ ಬಿಚ್ಚಿ ನೋಡಿದೆ. ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಕಾಕಾ ಬಗ್ಗಿ ನೋಡಿದ. ‘ನಾ ಹೇಳಿದ್ದಿಲ್ಲೇನು’ ಎನ್ನುತ್ತಾನೆಂದು ಕಾಯ್ದೆ. ಅವನು ಅದಕ್ಕಿಂತ ಕೆಟ್ಟದ್ದು ಹೇಳಿದ: “ಛಲೋ ಆಯ್ತು ಬಿಡು. ಹುಣಸಿಹಣ್ಣ ನಿಮ್ಮವ್ವ ಮೊದಲೇ ಹಾಕ್ಯಾಳ. ಇನ್ನ ಖಾರ ಒಂದ ಹಾಕೂದು ಬಾಕಿ ಅದ.”

ನಗು ಬರುವ ಹೊತ್ತಲ್ಲ, ಆದರೂ ನಕ್ಕೆ. ನಗುತ್ತಲೇ ತಲೆಯಲ್ಲಿ ಏನೋ ಟಕ್ಕೆಂದಿತು. ಹುಣಸೆಯ ಹುಳಿ, ಹೊಸದಾಗಿ ತಿಕ್ಕಿದ ತಾಮ್ರ, ನಡುವೆ ಹುರುಪೆಯ ಕವಚವೇ ಇಲ್ಲದ ಬರಿಮೈ ಮೀನು. ಹುಳಿ ತಾಕಿದ ತಾಮ್ರ ನೀರಿಗಿಳಿಯುತ್ತದೆ. ಮನುಷ್ಯನಿಗೆ ಅಷ್ಟು ತಾಮ್ರ ಏನೂ ಮಾಡದಿರಬಹುದು, ಮೀನಿನ ಕಿವಿರಿಗೆ ಅದು ವಿಷವೇ. ಹಾಗಾದರೆ ಈ ಸಾವು ಬಿಸಿಲಿನದೂ ಅಲ್ಲ, ದಾರಿಯದೂ ಅಲ್ಲ. ಬಂಡಿಯ ಮೇಲೆ ನಿಂತು “ಕಾಕಾ, ತಿರುಗಿಸು!” ಎಂದು ಕೂಗಿದೆ. ಸತ್ತ ಮೀನು ಹೊತ್ತು ಖುಷಿಪಟ್ಟವನನ್ನು ಆ ದಾರಿ ಅದೇ ಮೊದಲು ಕಂಡಿರಬೇಕು.

ಅವ್ವನಿಗೆ ಹೇಗೆ ಹೇಳುವುದು? “ಅವ್ವಾ, ಅವು ಮಣ್ಣಿನ್ಯಾಗ ಹುಟ್ಟಿ ಬೆಳದವು. ತಾಮ್ರದ ದೌಲತ್ತು ಅವಕ್ಕ ಒಗ್ಗಲಿಲ್ಲ” ಎಂದೆ.

“ಅಯ್ಯ, ಬಡವರ ಮೀನಾ ಅನ್ನು,” ಎಂದು ಅವ್ವ ಒಳಗೆ ಹೋಗಿ ಹಳೆಯ ಗಡಿಗೆಗಳನ್ನು ತಂದಳು. ಕಾಕಾ ಮತ್ತೆ ಬಲೆ ಬೀಸಿದ; ಶಿಂಗಟಿಗಳ ಜೊತೆ ಪರಕಿ ಎಂಬ ಹೊಳೆಯುವ ಮೀನುಗಳೂ ಬಂದವು. ಈ ಸಲ ನೀರು ಹಳ್ಳದ್ದೇ. ಒಂದೊಂದು ಗಡಿಗೆಗೆ ಕೆಲವೇ ಮೀನು. ಬಾಯಿಗೆ ಬಾಳೆಯ ಎಲೆ, ಅದರಲ್ಲಿ ಗಾಳಿಗೆ ತೂತು. ಕಲಬುರಗಿ ಮುಟ್ಟಿ ಎತ್ತಿ ನೋಡಿದಾಗ ಶಿಂಗಟಿಗಳೆಲ್ಲ ಗುರ್ರ್ ಎನ್ನುತ್ತಿದ್ದವು. ಆ ಬೈಗುಳ ನನ್ನ ಕಿವಿಗೆ ಅಷ್ಟು ಇಂಪಾಗಿ ಯಾವತ್ತೂ ಕೇಳಿರಲಿಲ್ಲ. ಕಾಕಾ ಮಾತ್ರ ಶಾಲೆಯೊಳಗೆ ಬರಲಿಲ್ಲ. “ಸತ್ತ ಮ್ಯಾಲ ಹೇಳಿ ಕಳಸು, ಸಾರಿಗಿ ಬರ್ತೀನಿ” ಎಂದು ಬಂಡಿ ತಿರುಗಿಸಿದ.

ಇಲ್ಲಿಂದ ಹೆಡ್ ಮಾಸ್ತರರ ಪಾಲು ಸುರುವಾಯಿತು. ತೊಟ್ಟಿ ನಿಂತದ್ದನ್ನು ನೋಡಿ ಅವರಿಗೂ ಹುರುಪು ಬಂದಿತ್ತು. ಹೈದರಾಬಾದಿನ ಬಂಧುಗಳಿಂದ ಒಂದು ಜೋಡಿ ಬಂಗಾರದ ಮೀನು ತರಿಸಿ ಅದರಲ್ಲಿ ಬಿಟ್ಟಿದ್ದರು. ತಳಕ್ಕೆ ಅಲಂಕಾರವೆಂದು ಶಹಾಬಾದಿ ಕಲ್ಲಿನ ಚಕ್ಕೆಗಳನ್ನು ಸುರಿಸಿದ್ದರು. ನೀಲಿ, ಬೂದು ಚಕ್ಕೆ; ನೋಡಲು ನಿಜಕ್ಕೂ ಚೆಂದ. ನಾನು ಗಡಿಗೆಗಳನ್ನು ಬಗ್ಗಿಸಲು ಹೋದರೆ ಕೈ ಹಿಡಿದರು.

“ನಹೀ ಮಾಸ್ಟರ್. ಒಂದು ಜೋಡಿ. ಪರಕಿ ಮೀನಾ ಒಂದು ಜೋಡಿ, ಶಿಂಗಟಿ ಒಂದು ಜೋಡಿ, ನಂದು ಬಂಗಾರದ್ದು ಒಂದು ಜೋಡಿ. ನೂಹ್ ಪೈಗಂಬರರ ಹಡಗಿನ್ಯಾಗ ಏನಿತ್ತು? ಹರ್ ಏಕ್ ಕಾ ಜೋಡಾ! ಸಾಬ್ ಬಂದು ನೋಡಿದ್ರ, ವಾಹ್ ಅನಬೇಕು.”

ಜವಾನನೂ ದನಿಗೂಡಿಸಿದ. “ಜೋಡಿ ಇದ್ರ ಶುಭರೀ. ಲಗ್ನಕ್ಕೂ ಜೋಡಿ ಕಾಯೇ ಕೊಡ್ತೀವಿ.” ಹಡಗೂ ಕಾಯಿಯೂ ಒಂದಾದ ಮೇಲೆ ಹಂಗಾಮಿ ಮಾಸ್ತರನ ಮಾತು ಏನು ನಡೆಯುತ್ತದೆ? ಎರಡು ಶಿಂಗಟಿ, ಎರಡು ಪರಕಿಗಳನ್ನು ಗಾಜಿಗೆ ಬಿಟ್ಟು, ಉಳಿದವನ್ನು ಶಾಲೆಯ ಹಿಂದೆ, ಬೇವಿನ ನೆರಳಲ್ಲಿದ್ದ ದೊಡ್ಡ ಮಣ್ಣಿನ ರಂಜಣಿಗೆಗೆ ಸುರಿದೆ. ಅದರ ತಳದಲ್ಲಿ ಹಳ್ಳದ ಮರಳಿತ್ತು, ಅಷ್ಟೇ.

ನನ್ನ ದಿನಚರಿ ಹೀಗಿತ್ತು. ಬೆಳಿಗ್ಗೆ ಬಾವಿಯ ನೀರನ್ನು ಇನ್ನೊಂದು ಮಡಕೆಯಲ್ಲಿ ತುಂಬಿ ತಣಿಯಲು ಬಿಡುವುದು. ಮರುದಿನ ಪ್ರಯೋಗಶಾಲೆಯ ರಬ್ಬರು ಕೊಳವೆಯನ್ನು ತೊಟ್ಟಿಯ ತಳಕ್ಕಿಳಿಸಿ, ಬಾಯಿಂದ ಎಳೆದು, ಹೇಸಿಗೆಯ ನೀರನ್ನು ಹೊರಗೆ ಹರಿಸುವುದು. ಹೋದಷ್ಟೇ ತಣಿದ ನೀರನ್ನು ಸಣ್ಣಗೆ ಸುರಿಯುವುದು. ಎರೆಹುಳು ಕೊಚ್ಚಿ ಹಾಕುವುದು. ತಿಂದು ಉಳಿದದ್ದನ್ನು ತೆಗೆಯುವುದು. ಎಷ್ಟೋ ಸಲ ಎಳೆತ ಹೆಚ್ಚಾಗಿ ಆ ನೀರು ನನ್ನ ಬಾಯಿಗೇ ಬಂದಿದೆ. ಪದವಿ ಪಡೆದ ಮೇಲೆ ಏನೇನು ಕುಡಿಯಬೇಕಾಗುತ್ತದೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಬಂಗಾರದ ಮೀನು ದಿನವಿಡೀ ಬಾಯಾಡಿಸುತ್ತ ಮೆರೆದವು. ಪರಕಿಗಳು ಅಡ್ಡಾಡಿದವು. ಶಿಂಗಟಿಗಳು ಮಾತ್ರ ಕಲ್ಲಿನ ಸಂದಿ ಸೇರಿ ಹೊರಗೆ ಬರಲಿಲ್ಲ. ಪಟ್ಟೆಗಳು ಮಾಸಿದವು. ಹುಡುಗರು ಗಾಜಿಗೆ ಮೂಗು ಒತ್ತಿ, “ಸಾರ್, ಮೀಸಿ ಮಾಮಾ ಎಲ್ಲಿ?” ಎಂದು ಕೇಳಿ ಬೇಸತ್ತು ಹೋದರು. ಒಂದು ದಿನ ಕಲ್ಲು ಸರಿಸಿ ಮಸೂರದಲ್ಲಿ ನೋಡಿದೆ. ಮೀಸೆಗಳ ತುದಿ ಸವೆದು ಮೊಂಡಾಗಿದ್ದವು. ಶಿಂಗಟಿ ತಳವನ್ನು ಮೀಸೆಯಿಂದ ತಡವುತ್ತಲೇ ಬದುಕುವ ಮೀನು. ನಾವು ಅದಕ್ಕೆ ಚೂಪು ಚಕ್ಕೆ ಹಾಸಿದ್ದೆವು. ಕಣ್ಣಿಲ್ಲದವನ ಕೈಗೆ ಮುಳ್ಳುಕಂಟಿ ಕೊಟ್ಟಂತೆ.

ಚಕ್ಕೆಗಳನ್ನೆಲ್ಲ ತೆಗೆಸಿ, ಕಮಲಾಪುರದಿಂದ ನುಣುಪು ಮರಳು ತರಿಸಿ, ಕೆಮ್ಮಣ್ಣು ಹೋಗುವವರೆಗೆ ತೊಳೆದು ಹಾಸಿ, ಮರೆಗೆಂದು ಹಳ್ಳದ ಒಂದು ನುಣುಪು ಕಲ್ಲನ್ನೂ ನೀರುಹುಲ್ಲನ್ನೂ ಇಟ್ಟೆ. ಮೀನು ಹಿಡಿಯಲು ಧೋತರದ ಚೂರಿನಿಂದ ಜಾಳಿಗೆ ಹೊಲಿದಿದ್ದೆ. ಶಿಂಗಟಿಯ ಮುಳ್ಳು ಅದರಲ್ಲಿ ಸಿಕ್ಕಿಕೊಂಡು, ಬಿಡಿಸಲು ಹೋದ ನನ್ನ ಹೆಬ್ಬೆರಳಿಗೆ ಬಡಿಯಿತು. ಅಂದಿನಿಂದ ತೆಂಗಿನ ಚಿಪ್ಪಿನಲ್ಲಿ ನೀರಿನ ಸಮೇತ ಎತ್ತುವುದನ್ನು ರೂಢಿ ಮಾಡಿಕೊಂಡೆ.

ಮರಳಿನ ಮೇಲೆ ಮೀಸೆ ನಿಧಾನಕ್ಕೆ ಚಿಗುರಿತು. ಆದರೆ ಜೋಡಿ ಮೂಲೆ ಬಿಡಲಿಲ್ಲ. ಎರೆಹುಳು ಮೂತಿಯ ಮುಂದೆ ಬಿದ್ದರೂ ತಿನ್ನಲಿಲ್ಲ. ಸಂಕ್ರಾಂತಿ ಮುಗಿದಿತ್ತು. ಅವು ಹೀಗೇ ಸೊರಗಿದರೆ ಸಾಹೇಬರು ಬರುವ ಹೊತ್ತಿಗೆ ಸೀಸೆಯ ಕಪ್ಪೆಯ ಪಕ್ಕದಲ್ಲಿ ಇವನ್ನೂ ಇಡಬೇಕಾಗುತ್ತಿತ್ತು. ಅದರ ಪಕ್ಕದ ಸೀಸೆಯಲ್ಲಿ ನನ್ನ ನೌಕರಿ.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗಿನ ರಂಜಣಿಗೆಗೆ ಉಳಿದ ಎರೆಹುಳು ಹಾಕಲು ಹೋದೆ. ಬಗ್ಗಿ ನೋಡಿದರೆ ಅಲ್ಲಿ ಜಾತ್ರೆ! ಶಿಂಗಟಿಗಳೆಲ್ಲ ಒಂದಕ್ಕೊಂದು ಮೈ ತಾಗಿಸಿ ಒಂದೇ ಮೈಯಂತೆ ತಿರುಗುತ್ತಿದ್ದವು. ಒಂದು ಎಡಕ್ಕೆ ಹೊರಳಿದರೆ ಎಲ್ಲವೂ ಎಡಕ್ಕೆ. ಪಟ್ಟೆಗಳು ಹೊಸ ಇಳಕಲ್ ಸೀರೆಯ ದಡಿಯಂತೆ ಹೊಳೆಯುತ್ತಿದ್ದವು. ಹುಳು ಬಿದ್ದದ್ದೇ ತಡ, ಮೀಸೆಗಳ ಮಳೆ.

ಅದೇ ಬಾವಿಯ ನೀರು. ಅದೇ ಹಳ್ಳದ ಮರಳು. ಅದೇ ಎರೆಹುಳು. ಒಳಗಿನವಕ್ಕೆ ಗಾಜಿನ ಮಹಲು ಬೇರೆ. ಹಾಗಿದ್ದೂ ಮಹಲಿನವು ಸೊರಗುತ್ತಿವೆ, ಮಡಕೆಯವು ಮೆರೆಯುತ್ತಿವೆ. ವ್ಯತ್ಯಾಸ ಒಂದೇ: ಇಲ್ಲಿ ಬಳಗವಿದೆ. ಚಿಕ್ಕಂದಿನಲ್ಲಿ ಅಪ್ಪನ ಬಲೆಯ ತುದಿ ಹಿಡಿದವನು ನಾನು. ಶಿಂಗಟಿ ಒಂದೇ ಬಂದದ್ದನ್ನು ಎಂದಾದರೂ ಕಂಡಿದ್ದೆನೇ? ಬಂದರೆ ಗೊಂಚಲು, ಇಲ್ಲದಿದ್ದರೆ ಒಂದೂ ಇಲ್ಲ.

ನನಗೆ ಹೈದರಾಬಾದಿನ ಹಾಸ್ಟೆಲು ನೆನಪಾಯಿತು. ಮೊದಲ ವರ್ಷ ಅಲ್ಲಿ ನಾನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಅನ್ನ ಚೆನ್ನಾಗಿಯೇ ಇತ್ತು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮರುವರ್ಷ ನಮ್ಮ ಕಡೆಯ ಹುಡುಗರು ಬಂದು ಪಕ್ಕದಲ್ಲಿ ಕೂತು “ಏ, ರೊಟ್ಟಿ ದಾಟಸೋ” ಎಂದ ಮೇಲೆ ಹಸಿವು ತಿರುಗಿ ಬಂತು. ಅಷ್ಟೇ ವಿಷಯ.

ಆದರೆ ಹಿಂಡನ್ನು ಒಳಗೆ ತರಬೇಕಾದರೆ ಜಾಗ ಬೇಕು. ತೊಟ್ಟಿ ಸಣ್ಣದು. ಬಂಗಾರದ ಮೀನುಗಳು ತಿನ್ನುವುದೂ ಹೊಲಸು ಮಾಡುವುದೂ ಎಲ್ಲಕ್ಕಿಂತ ಹೆಚ್ಚು. ಅವು ಹೊರಗೆ ಹೋಗಬೇಕು. ಅವು ಹೆಡ್ ಮಾಸ್ತರರ ಮೀನು. ನನ್ನ ಹೆಸರು ಮೇಲೆ ಹೋಗುವುದು ಅವರ ಕೈಯಿಂದ. ಅವರನ್ನು ಕೇಳಿದರೆ ಹಡಗಿನ ಕಥೆ ಮತ್ತೆ ಬರುತ್ತದೆ; ಕೇಳದಿದ್ದರೆ ಕೋಪ ಬರುತ್ತದೆ. ಮೀನು ಸತ್ತರೂ ನೌಕರಿ ಹೋಗುತ್ತದೆ. ಹೋಗುವುದಾದರೆ ಸರಿಯಾದ ಕೆಲಸ ಮಾಡಿಯೇ ಹೋಗಲಿ ಎಂದು ತೀರ್ಮಾನಿಸಿದೆ.

ಮರುದಿನ ಅವರು ಬರುವ ಮುಂಚೆ ಒಂದು ದೊಡ್ಡ ಚೀನಿ ಕುಂಡದಲ್ಲಿ ತಣಿದ ನೀರು ತುಂಬಿ, ಬಂಗಾರದ ಜೋಡಿಯನ್ನು ಬಿಟ್ಟು, ಹೆಡ್ ಮಾಸ್ತರರ ಮೇಜಿನ ನಡುಮಧ್ಯ ಇಟ್ಟೆ. ಬೇವಿನ ಕೆಳಗಿನ ಹಿಂಡನ್ನು ಚಿಪ್ಪು ಚಿಪ್ಪಾಗಿ ತೊಟ್ಟಿಗೆ ತಂದೆ. ಶಿಂಗಟಿಯ ಬಾಯಿಗೆ ಹಿಡಿಯದಷ್ಟು ದಪ್ಪ ಪರಕಿಗಳನ್ನು ಮಾತ್ರ ನೆರೆಗೆ ಉಳಿಸಿದೆ. ಸಣ್ಣವಾದರೆ ನೆರೆಯವರಾಗಿ ಉಳಿಯುವುದಿಲ್ಲ, ಊಟವಾಗುತ್ತವೆ. ಆಮೇಲೆ ಕಾಯುತ್ತ ನಿಂತೆ.

ಕರೆ ಬಂತು. ಹೆಡ್ ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು. ಮುಂದೆ ಮೀನು, ಮೀನಿನ ಆಚೆ ನಾನು.

“ಮಾಸ್ಟರ್, ಇವರು ಇಲ್ಲಿ ಹ್ಯಾಂಗ ಬಂದ್ರು?”

“ಸಾಹೇಬ್, ಬಂಗಾರದ ಮೀನಾ ನವಾಬಿ ಜಾತಿ. ಹಳ್ಳಿ ಮಂದಿ ಕೂಡ ಒಂದೇ ಪೆಟ್ಟಿಗ್ಯಾಗ ಇಡೂದು ಅದಬ್ ಅಲ್ಲ, ಮರ್ಯಾದಿ ಅಲ್ಲ ಅನ್ನಿಸ್ತು. ನಿಮ್ಮ ಮೇಜಿನ ಮ್ಯಾಲೇ ಶೋಭಾ ಅವಕ್ಕ.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೀನನ್ನು ಬಹಳ ಹೊತ್ತು ನೋಡಿದರು. ಒಂದು ಮೀನು ಅವರ ಬೆರಳಿನ ಕಡೆ ಬಂದು ಬಾಯಾಡಿಸಿತು. “ಮುಝೆ ಪೆಹಚಾನ್ತಾ ಹೈ,” ನನ್ನ ಗುರುತು ಹಿಡಿಯುತ್ತದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮುಖ ಬೆಳಗಿತು. ಮರುಕ್ಷಣ ಬೆರಳು ನನ್ನ ಕಡೆ ತಿರುಗಿತು: “ಆದ್ರ ಕೇಳ್ದೆ ಮಾಡೀರಿ. ನಿಮ್ಮ ಶಿಂಗಟಿ ಸತ್ರ, ನಾ ಏನೂ ಹೇಳೂದಿಲ್ಲ. ಸಾಬ್ ಹೇಳ್ತಾರ.”

ಶಿಂಗಟಿಗಳು ಸಾಯಲಿಲ್ಲ. ಮೂಲೆಯ ಜೋಡಿ ಹಿಂಡು ಕಂಡ ದಿನವೇ ಹೊರಬಂತು. ಯಾವುದು ಹಳೆಯದು, ಯಾವುದು ಹೊಸದು ಎಂದು ಗುರುತು ಸಿಗದಂತೆ ಬೆರೆತವು. ದಿನದ ಬೆಳಕಿನಲ್ಲಿ ಕಲ್ಲಿನ ಮರೆಗೆ ಒಟ್ಟಾಗಿ ನಿದ್ದೆ ಮಾಡುವವು. ಬೆಳಕು ಇಳಿದ ಕೂಡಲೇ ಒಟ್ಟಾಗಿ ಹೊರಡುವವು.

ಉಳಿದದ್ದು ಬಿಸಿಲು. ಶಿವರಾತ್ರಿ ಕಳೆದದ್ದೇ ಕಲಬುರಗಿಯ ಗಾಳಿ ಕಾದ ಹಂಚಿನಂತಾಯಿತು. ನೀರು ಬೆಚ್ಚಗಾಗಿ ಮೀನುಗಳು ಮೇಲೆ ಬಂದು ಗಾಳಿ ಗುಟುಕರಿಸತೊಡಗಿದವು. ಬೆಚ್ಚನೆಯ ನೀರಿನಲ್ಲಿ ಉಸಿರು ಕಡಿಮೆ. ಗಾಜಿನ ಸುತ್ತ ಒದ್ದೆ ಗೋಣಿ ಸುತ್ತಿದೆ, ಸಾಲಲಿಲ್ಲ. ಗುಡಿಯಲ್ಲಿ ಲಿಂಗದ ಮೇಲೆ ತೂಗುಹಾಕುವ ಧಾರೆಯ ಪಾತ್ರೆ ನೆನಪಾಯಿತು. ತಳದಲ್ಲಿ ಸಣ್ಣ ತೂತು, ತೂತಿನಲ್ಲಿ ಬತ್ತಿ, ಹನಿ ಹನಿಯಾಗಿ ನೀರು. ಹಾಗೆ ಒಂದನ್ನು ತೊಟ್ಟಿಯ ಮೇಲೆ ತೂಗಿದರೆ ನೀರೂ ತಂಪು, ಬೀಳುವ ಹನಿ ಗಾಳಿಯನ್ನೂ ಒಳಗೆ ಒಯ್ಯುತ್ತದೆ.

ಜವಾನ ಖುಷಿಯಾಗಿ ಮನೆಗೆ ಓಡಿದ. ತಿರುಗಿ ಬಂದಾಗ ಕೈಯಲ್ಲಿ ಫಳಫಳ ಹೊಳೆಯುವ ತಾಮ್ರದ ಪಾತ್ರೆ.

“ತಾಮ್ರ ಬ್ಯಾಡಾ!” ಎಂದು ನಾನು ಕೂಗಿದ್ದಕ್ಕೆ ಪಕ್ಕದ ತರಗತಿಯ ಹುಡುಗರು ಎದ್ದು ನಿಂತರಂತೆ.

ಮಣ್ಣಿನ ಗಡಿಗೆಯನ್ನೇ ತೂಗಿದೆವು. ಹನಿ ಬಿದ್ದಲ್ಲಿ ನೀರು ಸಣ್ಣಗೆ ಅರಳುತ್ತಿತ್ತು, ಮೀನುಗಳು ಗುಟುಕರಿಸುವುದನ್ನು ಬಿಟ್ಟು ತಳಕ್ಕಿಳಿದವು. ಮರುದಿನ ನೋಡಿದರೆ ಯಾರೋ ಗಡಿಗೆಗೆ ವಿಭೂತಿಯ ಮೂರು ಗೆರೆ ಎಳೆದು ಕಣಗಿಲೆ ಹೂ ಸಿಕ್ಕಿಸಿದ್ದರು. ಹೆಡ್ ಮಾಸ್ತರರು ಬಂದು ಹನಿಯ ಕೆಳಗೆ ಬೆರಳು ಹಿಡಿದು, “ನಮ್ಮ ಮಸೀದಿ ಹೌಜಿನ ನೀರೂ ಹಿಂಗೇ ಥಂಡ ಇರ್ತದ” ಎಂದು ಮೆಚ್ಚಿ ಹೋದರು. ಹೂವನ್ನು ತೆಗೆಸಲಿಲ್ಲ.

ಹೋಳಿಯ ಬಣ್ಣ ಹುಡುಗರ ಕಿವಿಯಲ್ಲಿ ಇನ್ನೂ ಉಳಿದಿದ್ದಾಗ ಸಾಹೇಬರು ಬಂದರು. ಬಂದದ್ದು ನಡುಮಧ್ಯಾಹ್ನ. ನೇರ ತೊಟ್ಟಿಯ ಮುಂದೆ ನಿಂತರು. ಕಿಟಕಿಯಿಂದ ಬಿಸಿಲು ಸುರಿಯುತ್ತಿತ್ತು. ಪರಕಿಗಳು ಮಿನುಗಿದವು. ನೀರುಹುಲ್ಲು ಅಲುಗಿತು. ಶಿಂಗಟಿಯ ಸುಳಿವಿಲ್ಲ.

“ಮೀಸೆಯ ಮೀನು ಎಲ್ಲಿ?”

ಹೆಡ್ ಮಾಸ್ತರರು ನನ್ನ ಪಕ್ಕಕ್ಕೆ ಸರಿದರು. ನನ್ನ ಕಿವಿಯಲ್ಲಿ, “ಮಾಸ್ಟರ್, ಕೋಲು ಹಾಕಿ ಎಬ್ಬಸ್ರಿ!” ಎಂದರು. ಕೋಲು ಹಾಕಿದರೆ ಹಿಂಡು ಚೆಲ್ಲಾಪಿಲ್ಲಿಯಾಗುತ್ತದೆ. ಹೆದರಿದ ಶಿಂಗಟಿ ಮುಳ್ಳು ಕೆದರಿ ಇನ್ನೂ ಒಳಸೇರುತ್ತದೆ.

“ಸಾಹೇಬ್, ದಯಮಾಡಿ ಕೂಡಬೇಕು. ಮಾತಾಡಬಾರದು,” ಎಂದು ಉರ್ದುವಿನಲ್ಲಿ ಹೇಳಿದೆ. ತಪಾಸಣೆಯ ಸಾಹೇಬರಿಗೆ ಮಾತಾಡಬಾರದು ಎಂದ ಹಂಗಾಮಿ ಮಾಸ್ತರ ನಾನೊಬ್ಬನೇ ಇರಬೇಕು. ಜವಾನನಿಗೆ ಸನ್ನೆ ಮಾಡಿದೆ. ಕಿಟಕಿ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕಿಟಕಿಗೆ ಗೋಣಿಯ ಪರದೆ ಇಳಿಯಿತು. ಕೋಣೆಯಲ್ಲಿ ಸಂಜೆಯಾಯಿತು. ಹನಿ ಬೀಳುವ ಸದ್ದು ಮಾತ್ರ. ಒಂದು ಎರೆಹುಳುವಿನ ಚೂರನ್ನು ನೀರಿಗೆ ಬಿಟ್ಟೆ.

ಏನೂ ಆಗಲಿಲ್ಲ. ಹೆಡ್ ಮಾಸ್ತರರು ಕೆಮ್ಮಲು ಹೋಗಿ ನುಂಗಿಕೊಂಡರು.

ಕಲ್ಲಿನ ಅಂಚಿನಲ್ಲಿ ಒಂದು ಮೀಸೆ ಕಂಡಿತು. ಮರಳನ್ನು ಮುಟ್ಟಿತು, ಹಿಂದೆ ಸರಿಯಿತು, ಮತ್ತೆ ಮುಟ್ಟಿತು. ಅದರ ಹಿಂದೆ ಇನ್ನೊಂದು. ಆಮೇಲೆ ಕಲ್ಲಿನ ಬಾಯಿಂದ ಹಿಂಡಿಗೆ ಹಿಂಡೇ ಹೊರಗೆ ಹರಿಯಿತು. ಮರಳ ಮೇಲೆ ಮೀಸೆ ಆಡಿಸುತ್ತ, ಒಟ್ಟಿಗೆ ಹೊರಳುತ್ತ, ಗಾಜಿನ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಹೊರಟವು. ಹುಳುವಿನ ಚೂರು ಯಾವಾಗ ಹೋಯಿತೋ ತಿಳಿಯಲಿಲ್ಲ.

ಸಾಹೇಬರು ಕುರ್ಚಿಯನ್ನು ಸದ್ದಾಗದಂತೆ ಮುಂದಕ್ಕೆ ಎಳೆದುಕೊಂಡರು. ಎಷ್ಟೋ ಹೊತ್ತಾದ ಮೇಲೆ ಪಿಸುಮಾತಿನಲ್ಲಿ, “ಇನ್ನೊಂದು ಹುಳು ಇದೆಯೇ? ನಾನು ಹಾಕಬಹುದೇ?” ಎಂದು ಕೇಳಿದರು.

ನನ್ನನ್ನು ಕಾಯಂ ಮಾಡಿದ ಹುಕುಮಿನ ಸನದು ಬರಲು ಬೇಸಿಗೆ ಅರ್ಧ ಕಳೆಯಿತು. ಅದು ಬಂದ ದಿನವೇ ಕಾಕಾ ಶಾಲೆಗೆ ಬಂದದ್ದು ಕಾಕತಾಳೀಯ. ಕರೆದರೂ ಅವನು ಅಲ್ಲಿಯವರೆಗೆ ಬಂದಿರಲಿಲ್ಲ. ಅವ್ವ ಕಳಿಸಿದ ಕೆಂಪು ಬಾಳೆಹಣ್ಣಿನ ಗೊನೆಯನ್ನು ಹೆಗಲ ಮೇಲೆ ಹೊತ್ತು, ವಿಜ್ಞಾನದ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಮುಸ್ಸಂಜೆ. ಹಿಂಡು ಹೊರಟಿತ್ತು.

ಕಾಕಾ ಗೊನೆ ಇಳಿಸುವುದನ್ನೂ ಮರೆತ.

“ಬಲ್ಯಾಗ ನೋಡೀನಿ, ಬುಟ್ಟ್ಯಾಗ ನೋಡೀನಿ, ತಾಟಿನ್ಯಾಗ ನೋಡೀನಿ,” ಎಂದ. “ನಮ್ಮ ಹಳ್ಳದ ಕೆಂಪ ನೀರಾಗ ಏನ್ ಕಾಣ್ತದ? ಇವು ಹಿಂಗ ನಡೀತಾವ ಅಂತ ಇವತ್ತ ಗೊತ್ತಾಯ್ತು.”

ಅಷ್ಟರಲ್ಲಿ ಹೆಡ್ ಮಾಸ್ತರರು ಲಕೋಟೆ ಹಿಡಿದು ಬಂದರು. ಕಾಕಾನನ್ನು ನೋಡಿ ಯಾರೆಂದು ಕೇಳಿ, ಅವನೆದುರೇ ಸನದನ್ನು ಬಿಚ್ಚಿ ಜೋರಾಗಿ ಓದಿದರು. ನನ್ನ ಹೆಸರು, ಅದರ ಮುಂದೆ ಇಂಥವನ ಮಗ ಎಂದು ಅಪ್ಪನ ಹೆಸರು, ಕಾಯಂ ಎಂಬ ಮಾತು, ಕೊನೆಗೆ ಸರಕಾರದ ಮೊಹರು. “ಮುಬಾರಕ್, ಮಾಸ್ಟರ್” ಎಂದು ನನ್ನ ಕೈಗಿತ್ತರು. ನಾನು ಅದನ್ನು ಕಾಕಾನ ಕೈಗಿತ್ತೆ.

ಅವನು ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. “ಅಣ್ಣನ ಹೆಸರ ಎಲ್ಲದ?” ಎಂದು ಕೇಳಿದ. ಬೆರಳಿಟ್ಟು ತೋರಿಸಿದೆ. ಅವನು ಅದೇ ಜಾಗದಲ್ಲಿ ತನ್ನ ಹೆಬ್ಬೆರಳಿಟ್ಟು, ಸನದನ್ನು ಗಾಜಿಗೆ ಹಿಡಿದು, ಒಳಗಿನವರಿಗೆ ಹೇಳಿದ:

“ನೋಡ್ರೆಪಾ. ನಿಮ್ಮ ಅಜ್ಜ ಮುತ್ತಜ್ಜರನ್ನ ಹಿಡದಾಂವನ ಹೆಸರು ಸರಕಾರದ ಕಾಗದದಾಗ ಬಂದದ. ಅಂವನ ಮ್ಯಾಲ ಸಿಟ್ಟ ಇಟಗೋಬ್ಯಾಡ್ರಿ, ಅಂವನ ಮಗಾ ನಿಮ್ಮನ್ನ ಸಾಕ್ಯಾನ.”